ಬೂಷ್ಟಿಗೆ ರಜೆ ಇಲ್ಲ

ಗ್ರಂಥಾಲಯಕ್ಕೆ ಮಳೆ ನೀರು ನುಗ್ಗಿದ ಸುದ್ದಿ ನೀವೂ ಓದಿರ್ತೀರಿ. ಫೋಟೊನೂ ನೋಡಿರ್ತೀರಿ. ಸಾಹೇಬರು ಪ್ಯಾಂಟು ಮಡಚಿ ಮೊಣಕಾಲು ನೀರಲ್ಲಿ ನಿಂತಿದ್ದಾರೆ, ಕೈಯಲ್ಲಿ ಒಂದು ನಿಘಂಟು, ಮುಖದಲ್ಲಿ ದುಃಖ. ಯಾವ ಊರು ಅಂತ ಹೇಳೋದಿಲ್ಲ. ಕಲಬುರಗಿ ಸೀಮೆ, ಅಷ್ಟು ಸಾಕು.

ಮಳೆ ನಿಂತ ಮೂರನೇ ದಿನ ನಾನು ಹೋದೆ. ಕೆಳಗಿನ ಎರಡು ಸಾಲು ಹಾಗೇ ಇವೆ. ಪುಸ್ತಕಗಳು ನೀರು ಕುಡಿದು ಊದಿಕೊಂಡು, ಜಾತ್ರೆ ಬಸ್ಸಿನ ಜನರ ಹಾಗೆ ಒಂದಕ್ಕೊಂದು ಒತ್ತಿ ಕೂತಿವೆ. ಒಂದನ್ನು ಎಳೆಯೋಕೆ ಕೈ ಹಾಕಿದೆ.

“ಮುಟ್ಟಬ್ಯಾಡ್ರಿ ಸರ, ಪಂಚನಾಮ ಆಗಿಲ್ಲ,” ಅಂದ ಅಟೆಂಡರ್.

ಹೆಣದ ಪಂಚನಾಮವಾದರೂ ಅದೇ ದಿನ ಆಗುತ್ತೆ. ಇಲ್ಲಿ ಕಮಿಟಿ ಬರಬೇಕು. ಕಮಿಟಿ ಬಂದರೆ ರಿಜಿಸ್ಟರ್ ತೋರಿಸಬೇಕು. ರಿಜಿಸ್ಟರ್ ಎಲ್ಲಿ? “ಅದೂ ತೊಯ್ದದ್ರಿ.” ಹಾಗಾದರೆ ಮೊದಲು ರಿಜಿಸ್ಟರಿಗೇ ಒಂದು ಪಂಚನಾಮ!

ಈ ನಡುವೆ ಯಾರ ಸಹಿಗೂ ಕಾಯದೆ ಕೆಲಸಕ್ಕೆ ಇಳಿದದ್ದು ಬೂಷ್ಟು ಒಂದೇ. ತೊಯ್ದ ಕಾಗದ, ಒಳಗೆ ಸೆಕೆ, ಮುಚ್ಚಿದ ಕಿಟಕಿ ಸಿಕ್ಕರೆ ಅದಕ್ಕೆ 48 ಗಂಟೆ ಸಾಕು. ಎರಡನೇ ಶನಿವಾರವೂ ಡ್ಯೂಟಿ, ಭಾನುವಾರವೂ ಡ್ಯೂಟಿ. ಸರ್ಕಾರಿ ಕಟ್ಟಡದಲ್ಲಿ ಇಷ್ಟು ಶ್ರದ್ಧೆ ನಾನು ಬೇರೆಲ್ಲೂ ಕಂಡಿಲ್ಲ. ರಾಜ್ಯೋತ್ಸವ ಪ್ರಶಸ್ತಿಗೆ ಹೆಸರು ಕಳಿಸಬಹುದು.

ಬೇಗ ಒಣಗಿಸೋಕೆ ಆಗದಿದ್ದರೆ ಪುಸ್ತಕಗಳನ್ನು ಫ್ರೀಜರಿಗೆ ಹಾಕಬೇಕು. ಬೂಷ್ಟು ಸಾಯೋದಿಲ್ಲ, ಬೆಳೆಯೋದು ನಿಲ್ಲುತ್ತೆ. ಆಮೇಲೆ ಪುರುಸೊತ್ತಿನಲ್ಲಿ ಒಣಗಿಸಬಹುದು. 2004ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಹಳೆಯ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರಿಗೆ ತೊಯ್ದ ಪುಸ್ತಕಗಳನ್ನು ಲೈಪ್‌ಜಿಗ್‌ಗೆ ಸಾಗಿಸಿ ಹೆಪ್ಪುಗಟ್ಟಿಸಿ ಉಳಿಸಿಕೊಂಡರು. ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ.

“ಸರ, ನಮಗ ಕುಡಿಯೋ ನೀರು ತಣ್ಣಗ ಮಾಡೋ ಫ್ರಿಜ್ಜೇ ಕೆಟ್ಟದ. ಪುಸ್ತಕಕ್ಕ ಎಲ್ಲಿಂದ ತರಬೇಕ್ರಿ? ನಮ್ಮಲ್ಲಿ ಬಿಸಿಲಿಗೇನು ಕೊರತಿ? ಮ್ಯಾಲ ತೊಗರಿ ಹಂಗ ಹರವಿಬಿಡ್ತೀವಿ.”

ಪುಸ್ತಕ ತೊಗರಿಯಲ್ಲ. ಬಿಸಿಲಿಗೆ ಹಾಕಿದರೆ ರಟ್ಟು ಹಪ್ಪಳದಂತೆ ಸೊಟ್ಟಗಾಗುತ್ತೆ. ನೆರಳಲ್ಲಿ ಫ್ಯಾನ್ ಹಾಕಿ, ಹಾಳೆಗಳ ಮಧ್ಯೆ ನೀರು ಹೀರೋ ಕಾಗದ ಇಡಬೇಕು. ನುಣುಪು ಕಾಗದವಂತೂ ಒಣಗಿದರೆ ಹಾಳೆ ಹಾಳೆ ಅಂಟಿ ಇಟ್ಟಿಗೆಯಾಗುತ್ತೆ. ಸರ್ಕಾರದ ಸಾಧನೆ ಸಾರುವ ಬಣ್ಣದ ಪುಸ್ತಿಕೆಗಳೆಲ್ಲ ಹಾಗೇ ಆಗಿವೆ. ನಷ್ಟವಿಲ್ಲ, ಮೊದಲೂ ಅವನ್ನು ಯಾರೂ ತೆರೆದಿರಲಿಲ್ಲ.

ಪುಸ್ತಕ ಕೆಳಗೇಕೆ ಇಟ್ಟಿದ್ದರು ಅಂತ ಕೇಳ್ತೀರಾ? ಮೇಲಿನ ಕೋಣೆಯಲ್ಲಿ ಮುರಿದ ಕುರ್ಚಿಗಳಿವೆ. ಇದು ನಮ್ಮ ಕಡೆ ಹಳೆಯ ಸಂಪ್ರದಾಯ. ಬೀದರಿನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ. ಅಲ್ಲಿ 3,000 ಹಸ್ತಪ್ರತಿಗಳಿದ್ದವು ಅಂತಾರೆ. ಮುಂದೆ ಔರಂಗಜೇಬನ ಕಾಲದಲ್ಲಿ ಅಲ್ಲಿ ಸಿಡಿಮದ್ದಿನ ಪುಡಿ ಇಟ್ಟರು. 1696ರಲ್ಲಿ ಸ್ಫೋಟವಾಗಿ ಕಟ್ಟಡದ ಒಂದು ಪಾಲೇ ಹಾರಿಹೋಯಿತು. ಇವತ್ತಿಗೂ ಹೋದರೆ ಒಂದೇ ಮಿನಾರ್ ಕಾಣುತ್ತೆ. ಪುಸ್ತಕದ ಜಾಗ ಖಾಲಿ ಜಾಗ ಅನ್ನೋ ಲೆಕ್ಕ ಅವತ್ತಿಂದಲೂ ಇದೆ. ಆಗ ಮದ್ದು, ಈಗ ಕುರ್ಚಿ. ಸುಧಾರಣೆ ಅಂದರೆ ಕುರ್ಚಿ ಸಿಡಿಯೋದಿಲ್ಲ.

ನಗೋದು ಸಾಕು. ನಾವು ಮನೆ ತೆರಿಗೆ ಕಟ್ಟುವಾಗ ಅದರ ಮೇಲೆ ಶೇಕಡಾ 6 ಗ್ರಂಥಾಲಯ ಸೆಸ್ ಕೊಡ್ತೀವಿ. ಪುಕ್ಕಟೆ ಕೇಳ್ತಿಲ್ಲ. ಪುಸ್ತಕಗಳನ್ನು ನೆಲದಿಂದ ಒಂದು ಅಡಿ ಮೇಲೆ ಇಡೋಕೆ ಎಷ್ಟು ಖರ್ಚಾಗುತ್ತೆ? ನೀರು ನುಗ್ಗಿದ ರಾತ್ರಿ ಬೀಗ ತೆಗೆಯೋಕೆ ಯಾರ ಅನುಮತಿ ಬೇಕಿತ್ತು? ಹತ್ತು ಹುಡುಗರು, ನಾಲ್ಕು ಫ್ಯಾನು, ಒಂದು ಹೊರೆ ರದ್ದಿ ಪೇಪರ್ ಇದ್ದಿದ್ದರೆ ಅರ್ಧ ಕಪಾಟು ಉಳೀತಿತ್ತು. ಊರಲ್ಲಿ ಇವು ಮೂರೂ ಇದ್ದವು.

ನನ್ನ ಹತ್ತಿರ ಎರಡು ವರ್ಷದಿಂದ ವಾಪಸು ಕೊಡದ ಒಂದು ಪುಸ್ತಕವಿತ್ತು. ನಾಚಿಕೆಯಿಂದ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಅಟೆಂಡರ್ ಅದನ್ನು ತಿರುಗಿಸಿ ನೋಡಿದ. ಒಣಗಿದ, ಗಟ್ಟಿ ಪುಸ್ತಕ. ಮೂಸಿಯೂ ನೋಡಿದ.

“ಜಮಾ ಮಾಡ್ಕೊಳ್ಳಾಕ ರಿಜಿಸ್ಟರ್ ಇಲ್ರಿ ಸರ. ಮನ್ಯಾಗೇ ಇಟ್ಕೋರಿ, ಅಲ್ಲೇ ಚಲೋ ಅದ,” ಅಂದ. ಬಾಗಿಲ ತನಕ ಬಂದಮೇಲೆ ಮತ್ತೆ ಕರೆದ. “ದಂಡ ಮಾತ್ರ ಕಟ್ಟಿ ಹೋಗ್ರಿ. ರಸೀದಿ ಬುಕ್ ಮ್ಯಾಲಿನ ಕಪಾಟಿನ್ಯಾಗಿತ್ತು, ತೊಯ್ದಿಲ್ಲ.”