ಡೀಸೆಲ್ ಕಾರಿಗೆ ಫ್ರೀ ರಿಪೇರಿ, ಕಾಫಿ ಸಮೇತ

ಪೇಪರಿನ ಬಿಸಿನೆಸ್ ಪುಟದ ಮೂಲೆಯಲ್ಲಿ ಮತ್ತೊಂದು ರೀಕಾಲ್ ಸುದ್ದಿ. ಯಾವ ಕಂಪನಿ ಅಂತ ಹೇಳಬೇಕಾಗಿಲ್ಲ. ಒಂದು ಹೆಸರು ತೆಗೆದು ಇನ್ನೊಂದು ಹಾಕಿದರೂ ಸುದ್ದಿ ಹಾಗೇ ಇರುತ್ತದೆ. ‘ಮುನ್ನೆಚ್ಚರಿಕೆ ಕ್ರಮವಾಗಿ’ ಇಷ್ಟು ಸಾವಿರ ಕಾರು ವಾಪಸ್ ಕರೆಸುತ್ತಾರಂತೆ. ‘ದೋಷವಿರುವ ಸಾಧ್ಯತೆ’ಯಂತೆ. ‘ಸಂಪೂರ್ಣ ಉಚಿತ’ವಂತೆ. ತಾವೇ ಕೆಡಿಸಿ ಮಾರಿದ್ದನ್ನು ತಾವೇ ಸರಿ ಮಾಡುತ್ತಾರೆ, ಮೇಲೆ ಒಂದು ಪೈಸೆ ಕೇಳುವುದಿಲ್ಲ. ಎಂಥ ದೊಡ್ಡ ಮನಸ್ಸು! ಸರ್ವಿಸ್ ಸೆಂಟರಿನಲ್ಲಿ ಎಸಿ ಇದೆ, ಸೋಫಾ ಇದೆ, ಕಾಫಿ ಮೆಷಿನ್ ಇದೆ. ಸಂಜೆ ಕಾರನ್ನು ತೊಳೆದೇ ಕೊಡುತ್ತಾರೆ. ಒಳಗೆ ಏನು ಮಾಡಿದರೋ ದೇವರಿಗೇ ಗೊತ್ತು, ಬಾನೆಟ್ ಮಾತ್ರ ಫಳಫಳ.

ಈ ದೊಡ್ಡ ಮನಸ್ಸನ್ನು ಜಾಸ್ತಿ ಕಂಡವರು ಡೀಸೆಲ್ ಕಾರಿನವರು. ಫೋಕ್ಸ್‌ವ್ಯಾಗನ್ ಕತೆ ಎಲ್ಲರಿಗೂ ಗೊತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂಸ್ಥೆ ನೋಟಿಸ್ ಕೊಟ್ಟಿತು. ಜಗತ್ತಿನಾದ್ಯಂತ 1 ಕೋಟಿ 10 ಲಕ್ಷ ಕಾರುಗಳಲ್ಲಿ ಕಳ್ಳ ಸಾಫ್ಟ್‌ವೇರ್ ಇದೆ ಎಂದು ಕಂಪನಿಯೇ ಒಪ್ಪಿಕೊಂಡಿತು. ಲ್ಯಾಬಿನಲ್ಲಿ ಪರೀಕ್ಷೆ ನಡೆಯುತ್ತಿದೆ ಎಂದು ಗೊತ್ತಾದ ಕೂಡಲೇ ಕಾರು ಸಭ್ಯವಾಗುತ್ತಿತ್ತು. ರಸ್ತೆಗೆ ಬಂದರೆ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಅಮೆರಿಕದ ಮಿತಿಗಿಂತ 40 ಪಟ್ಟುವರೆಗೂ ಏರುತ್ತಿತ್ತು.

ಪರೀಕ್ಷೆ ಅಂತ ಕಾರಿಗೆ ಹೇಗೆ ಗೊತ್ತಾಗುತ್ತಿತ್ತು? ಸ್ಟೀರಿಂಗ್ ಹೇಗಿದೆ, ವೇಗ ಎಷ್ಟು, ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ, ಗಾಳಿಯ ಒತ್ತಡ ಎಷ್ಟು ಎಂದೆಲ್ಲ ಅದು ನೋಡುತ್ತಿತ್ತು. ಚಕ್ರ ತಿರುಗುತ್ತಿದೆ, ಸ್ಟೀರಿಂಗ್ ಅಲುಗಾಡುತ್ತಿಲ್ಲ ಎಂದರೆ ಅದು ರಸ್ತೆಯಲ್ಲ, ಲ್ಯಾಬು. ಜರ್ಮನಿಯಲ್ಲಿ ಕೂತು ಬರೆದ ಲೆಕ್ಕ, ಅಲ್ವಾ. ನಮ್ಮ ಸಿಲ್ಕ್ ಬೋರ್ಡ್‌ನಲ್ಲಿ ಸ್ಟೀರಿಂಗೂ ತಿರುಗುವುದಿಲ್ಲ, ಚಕ್ರವೂ ತಿರುಗುವುದಿಲ್ಲ. ಪಾಪ ಆ ಸಾಫ್ಟ್‌ವೇರ್ ಅಲ್ಲಿ ಏನಂದುಕೊಳ್ಳುತ್ತಿತ್ತೋ.

ಇಷ್ಟು ದೊಡ್ಡ ಮೋಸಕ್ಕೆ ರಿಪೇರಿ ಎಷ್ಟು ದೊಡ್ಡದಿರಬೇಕು? ಯುರೋಪಿನ 2 ಲೀಟರ್ ಎಂಜಿನ್‌ಗೆ ಅರ್ಧ ಗಂಟೆಯ ಸಾಫ್ಟ್‌ವೇರ್ ಅಪ್‌ಡೇಟ್. 1.6 ಲೀಟರ್‌ಗೆ ಅದರ ಜೊತೆಗೆ ಒಂದು ಪ್ಲಾಸ್ಟಿಕ್ ಕೊಳವೆ, ಬಾಯಿಗೊಂದು ಜಾಲರಿ. ಒಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಮುಂದೆ ಅದನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತು. ಜಗತ್ತಿನ ಮುಂದೆ ಮಾನ ಹೋಯಿತು, ದೊಡ್ಡ ಸಾಹೇಬರು ರಾಜೀನಾಮೆ ಕೊಟ್ಟರು, ಷೇರು ನೆಲಕಚ್ಚಿತು. ಕೊನೆಗೆ ಪರಿಹಾರ ಒಂದು ಜಾಲರಿ ಕೊಳವೆ! ಇಷ್ಟರಲ್ಲೇ ಸರಿಹೋಗುವುದಾಗಿದ್ದರೆ ಮೊದಲೇ ಹಾಕಬಹುದಿತ್ತಲ್ಲ ಸ್ವಾಮಿ?

ಭಾರತದಲ್ಲಿ ರೀಕಾಲ್ ಆಗಿದ್ದು 3,23,700 ಕಾರು. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಎಲ್ಲ ಸೇರಿ. ಗಾಡಿಗಳನ್ನು ಪರೀಕ್ಷಿಸುವ ಪುಣೆಯ ಸಂಸ್ಥೆ ಎಆರ್‌ಎಐ ಕೆಲವು ಕಾರುಗಳನ್ನು ರಸ್ತೆಯಲ್ಲಿ ಓಡಿಸಿ ನೋಡಿತು. ಆಗ ನಮ್ಮಲ್ಲಿದ್ದ ಬಿಎಸ್-4 ಹೊಗೆ ನಿಯಮದ ಮಿತಿಯ 1.1ರಿಂದ 2.6 ಪಟ್ಟು ಹೊಗೆ ಬಂತು. ಕಂಪನಿ ತಣ್ಣಗೆ ಉತ್ತರ ಕೊಟ್ಟಿತು: ರಸ್ತೆಯಲ್ಲಿ ಇಷ್ಟೇ ಹೊಗೆ ಬಿಡಬೇಕು ಎಂಬ ನಿಯಮ ನಿಮ್ಮ ದೇಶದಲ್ಲಿ ಎಲ್ಲಿದೆ? ಲ್ಯಾಬಿನಲ್ಲಿ ನಾವು ಪಾಸು. ರೀಕಾಲ್ ಮಾಡುತ್ತಿರುವುದು ಸ್ವಂತ ಇಷ್ಟದಿಂದ. ಬೇಜಾರಿನ ಸಂಗತಿ ಏನೆಂದರೆ, ನಿಯಮ ನಿಜಕ್ಕೂ ಇರಲಿಲ್ಲ. ರಸ್ತೆಯಲ್ಲಿ ಅಳೆಯುವ ಮಿತಿ ಇಲ್ಲಿ ಕಡ್ಡಾಯವಾಗಿದ್ದು 2023ರ ಏಪ್ರಿಲ್‌ನಲ್ಲಿ.

ಹಾಗಾದರೆ ಅಲ್ಲಿವರೆಗೆ ನಮ್ಮನ್ನು ಕಾಪಾಡಿದ್ದು ಯಾರು? ಪೆಟ್ರೋಲ್ ಬಂಕ್ ಪಕ್ಕದ ಎಮಿಷನ್ ಟೆಸ್ಟ್ ವ್ಯಾನು! ಅದರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಹಳೆಯ ಮಾರುತಿ ವ್ಯಾನ್. ಒಳಗೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಪ್ರಿಂಟರ್ ಮೇಲೆ ಟಿಫನ್ ಡಬ್ಬಿ. ಹುಡುಗ ಕಾರಿನ ಹಿಂದೆ ಕೊಳವೆ ಇಡುತ್ತಾನೆ. ‘ಆಕ್ಸಿಲರೇಟರ್ ಒತ್ತಿ ಸಾರ್, ಇನ್ನೂ ಒತ್ತಿ, ಬಿಡಿ’ ಅನ್ನುತ್ತಾನೆ. ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತಾನೆ. ಎದುರಿಗೇ ಒಂದು ಲಾರಿ ಕರ್ರಗೆ ಉಗುಳುತ್ತಾ ಹೋಗುತ್ತದೆ. ಅದರ ಹತ್ತಿರವೂ ಸರ್ಟಿಫಿಕೇಟ್ ಇದ್ದೇ ಇರುತ್ತದೆ, ಬೇಕಾದರೆ ಕೇಳಿ ನೋಡಿ. ಡೀಸೆಲ್ ಗಾಡಿಗೆ ಈ ಟೆಸ್ಟ್ ಅಳೆಯುವುದು ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ. ನೈಟ್ರೋಜನ್ ಆಕ್ಸೈಡನ್ನು ಅದು ನೋಡುವುದೇ ಇಲ್ಲ. ಅಂದರೆ, ಭೂಮಿಯ ಮೇಲಿನ ಅತಿ ದೊಡ್ಡ ಕಳ್ಳ ಡೀಸೆಲ್ ಕಾರನ್ನು ತಂದು ನಿಲ್ಲಿಸಿದರೂ ನಮ್ಮ ವ್ಯಾನಿನ ಹುಡುಗ ಪಾಸ್ ಮಾಡುತ್ತಾನೆ. ಲಂಚ ಬೇಡ, ಸಾಫ್ಟ್‌ವೇರ್ ಬೇಡ. ಜರ್ಮನ್ ಎಂಜಿನಿಯರುಗಳು ಅಷ್ಟೆಲ್ಲ ತಲೆ ಕೆಡಿಸಿಕೊಂಡಿದ್ದು ಸುಮ್ನೆ.

ಈಗ ದುಡ್ಡಿನ ವಿಚಾರ. ಅಮೆರಿಕದ ಮಾಲೀಕರಿಗೆ ಎರಡು ಆಯ್ಕೆ ಸಿಕ್ಕಿತು. ಕಾರು ವಾಪಸ್ ಕೊಟ್ಟು ದುಡ್ಡು ತಗೊಳ್ಳಿ, ಇಲ್ಲವೇ ರಿಪೇರಿ ಮಾಡಿಸಿಕೊಳ್ಳಿ. ಯಾವುದೇ ಆರಿಸಿದರೂ ಕೈಗೆ 5,100ರಿಂದ 10,000 ಡಾಲರ್ ನಗದು. ವಾಪಸ್ ಬಂದ ಕಾರುಗಳನ್ನು ಇಡಲು ಜಾಗ ಸಾಲದೆ ಮಿಶಿಗನ್‌ನಲ್ಲಿ ಹಾಳುಬಿದ್ದ ಸ್ಟೇಡಿಯಂ ಸುತ್ತ, ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದರು. ಜರ್ಮನಿಯವರು 2020ರವರೆಗೆ ಕಾದರು. ಅವರಿಗೂ 1,350ರಿಂದ 6,257 ಯೂರೋ ಬಂತು. ನಮ್ಮವರಿಗೆ? ಅಪ್‌ಡೇಟ್, ಕಾಫಿ, ವಾಟರ್ ವಾಶ್.

ನಾವು ಇದನ್ನು ಮೊದಲ ಸಲ ನೋಡುತ್ತಿರಲಿಲ್ಲ. ಟವೇರಾ ನೆನಪಿದೆಯಾ? ಹಳದಿ ಬೋರ್ಡ್ ಹಾಕಿಕೊಂಡು ಧರ್ಮಸ್ಥಳ, ಶೃಂಗೇರಿ ಅಂತ ಅರ್ಧ ಕರ್ನಾಟಕವನ್ನು ಹೊತ್ತ ಗಾಡಿ. 2013ರ ಜುಲೈನಲ್ಲಿ ಜನರಲ್ ಮೋಟರ್ಸ್ ಸುಮಾರು 1.14 ಲಕ್ಷ ಟವೇರಾ ವಾಪಸ್ ಕರೆಸಿತು. ಕಡಿಮೆ ಹೊಗೆಯ ಎಂಜಿನ್ನುಗಳನ್ನು ಹೆಕ್ಕಿ, ತಪಾಸಣೆಯ ಗಾಡಿಗಳಿಗೆ ಕೂರಿಸುತ್ತಿದ್ದರು. ಸಾಫ್ಟ್‌ವೇರ್ ಗೀಫ್ಟ್‌ವೇರ್ ಏನೂ ಇಲ್ಲ, ಸ್ಪ್ಯಾನರ್ ಸಾಕು. ಸರ್ಕಾರದ ಸಮಿತಿ ಇದನ್ನು ಕಾರ್ಪೊರೇಟ್ ವಂಚನೆ ಎಂದಿತು. ಡೀಸೆಲ್ ಮೋಸದಲ್ಲಿ ನಾವು ಜರ್ಮನಿಗಿಂತ ಎರಡು ವರ್ಷ ಮುಂದೆ!

ಫೋಕ್ಸ್‌ವ್ಯಾಗನ್ ಕಳ್ಳತನ ಹಿಡಿದ ತಂಡದಲ್ಲೂ ನಮ್ಮವರೊಬ್ಬರಿದ್ದರು, ಬೆಂಗಳೂರಿನ ಹೇಮಂತ್ ಕಪ್ಪಣ್ಣ. ಆಗ ಅವರು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಅಮೆರಿಕದ ಡೀಸೆಲ್ ಎಷ್ಟು ಶುದ್ಧ ನೋಡಿ ಎಂದು ಯುರೋಪಿಗೆ ತೋರಿಸಬೇಕು, ಆ ಅಧ್ಯಯನದ ಉದ್ದೇಶವೇ ಅದು! ಡಿಕ್ಕಿಯಲ್ಲಿ ಹೊಗೆ ಅಳೆಯುವ ಯಂತ್ರ, ಅದಕ್ಕೊಂದು ಜನರೇಟರ್ ಕಟ್ಟಿಕೊಂಡು ರಸ್ತೆಗಿಳಿದರು. ಫೋಕ್ಸ್‌ವ್ಯಾಗನ್ನಿನ ಒಂದು ಪಸ್ಸಾಟ್ ಕಾರು ಲಾಸ್ ಏಂಜಲಿಸ್‌ನಿಂದ ಸಿಯಾಟಲ್‌ವರೆಗೂ ಹೋಯಿತು. ಅಂಕಿ ನೋಡಿದವರಿಗೆ ಮೊದಲು ಯಂತ್ರದ ಮೇಲೇ ಅನುಮಾನ. ಮುಂದೆ ಕಪ್ಪಣ್ಣನವರಿಗೆ ಕೆಲಸ ಸಿಕ್ಕಿದ್ದು ಅದೇ ಟವೇರಾದ ಜನರಲ್ ಮೋಟರ್ಸ್‌ನಲ್ಲಿ. 2019ರಲ್ಲಿ ಕಂಪನಿ ಸಾವಿರಾರು ಜನರನ್ನು ತೆಗೆದಾಗ ಇವರನ್ನೂ ತೆಗೆಯಿತು. ಅದಕ್ಕೂ ಹಳೆಯ ಸಂಶೋಧನೆಗೂ ಸಂಬಂಧವಿಲ್ಲ ಎಂದಿತು. ಇರಲಿಕ್ಕಿಲ್ಲ ಬಿಡಿ. ವೀಸಾ ನಿಯಮದ ಪ್ರಕಾರ 60 ದಿನದಲ್ಲಿ ಅಮೆರಿಕ ಬಿಡಬೇಕಾಯಿತು. ಅವರನ್ನು ಯಾರೂ ‘ಮುನ್ನೆಚ್ಚರಿಕೆ ಕ್ರಮವಾಗಿ’ ರೀಕಾಲ್ ಮಾಡಲಿಲ್ಲ.

ನಮ್ಮಲ್ಲಿ ಸ್ವಲ್ಪ ಗುಡುಗಿದ್ದು ಹಸಿರು ನ್ಯಾಯಮಂಡಳಿ. 100 ಕೋಟಿ ಕಟ್ಟಿ ಎಂದು 2018ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್‌ಗೆ ಹೇಳಿತ್ತು. ಕಟ್ಟಲಿಲ್ಲ. ನಾಳೆ ಸಂಜೆ 5 ಗಂಟೆಯೊಳಗೆ ಕಟ್ಟದಿದ್ದರೆ ಬಂಧನ ಎಂದು 2019ರ ಜನವರಿಯಲ್ಲಿ ಗದರಿಸಿತು. ಕಟ್ಟಿದರು. ತಜ್ಞರ ಸಮಿತಿ ದೆಹಲಿಯ ಗಾಳಿಯನ್ನು ಲೆಕ್ಕಕ್ಕಿಟ್ಟುಕೊಂಡು ಜನರ ಆರೋಗ್ಯಕ್ಕಾದ ನಷ್ಟ 171.34 ಕೋಟಿ ಎಂದಿತ್ತು. ಮಾರ್ಚ್‌ನಲ್ಲಿ ಮಂಡಳಿ 500 ಕೋಟಿ ದಂಡ ಹಾಕಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಕ್ರಮ ಬೇಡ ಎಂದಿತು.

ತಮಾಷೆ ಸಾಕು. ಆ ಹೊಗೆ ಕುಡಿದಿದ್ದು ಯಾರು? ಬಸ್ ಸ್ಟಾಪಿನಲ್ಲಿ ನಿಂತವರು, ಸಿಗ್ನಲ್ಲಿನಲ್ಲಿ ಹೂ ಮಾರುವವರು, ಸ್ಕೂಟರಿನ ಮುಂದೆ ನಿಂತುಕೊಂಡು ಶಾಲೆಗೆ ಹೋಗುವ ಮಕ್ಕಳು. ಅವರ ಶ್ವಾಸಕೋಶಕ್ಕೆ ಯಾವ ಸರ್ವಿಸ್ ಸೆಂಟರಿನಲ್ಲೂ ಅಪ್‌ಡೇಟ್ ಇಲ್ಲ. ಈಗ ಕಡ್ಡಾಯ ರೀಕಾಲ್ ನಿಯಮ ಬಂದಿದೆಯಲ್ಲ ಅನ್ನಬಹುದು. ಬಂದಿದೆ, 2021ರ ಏಪ್ರಿಲ್‌ನಿಂದ. 7 ವರ್ಷದೊಳಗಿನ ಗಾಡಿಗೆ ಮಾತ್ರ. ದಂಡ ಹೆಚ್ಚೆಂದರೆ 1 ಕೋಟಿ. ಒಂದು ಒಳ್ಳೆ ಆಡಿ ಕಾರಿನ ಬೆಲೆ.

ಇನ್ನು 2010ರಲ್ಲಿ ಡೀಸೆಲ್ ಪೋಲೊ ಕೊಂಡವರು. ಪರಿಸರಸ್ನೇಹಿ ತಂತ್ರಜ್ಞಾನ ಎಂದು ನಂಬಿ ಕೊಂಡರು. ಕಂಪನಿ ಕರೆದಾಗ ಹೋಗಿ ಸಾಫ್ಟ್‌ವೇರ್ ಹಾಕಿಸಿಕೊಂಡು ಬಂದರು. 2025ಕ್ಕೆ ಗಾಡಿಗೆ 15 ವರ್ಷ ತುಂಬಿತು. ಮಾಲಿನ್ಯ ಮಾಡುತ್ತೀರಿ ಎಂದು ಹಸಿರು ತೆರಿಗೆ ಅವರೇ ಕಟ್ಟಬೇಕು. ನೋಂದಣಿ ನವೀಕರಣಕ್ಕೆ 5,000 ರೂಪಾಯಿ ಬೇರೆ. ತಡವಾದರೆ ತಿಂಗಳಿಗೆ 500 ರೂಪಾಯಿ ದಂಡ.