ಒಂಬತ್ತು ವರ್ಷದ ಮಗುಗೆ ಪ್ರಾಚೀನ ಚೀನಾದ ಯುದ್ಧದ ಪಾಠ ಬೇಕಾ? ಅಕ್ಕ–ತಮ್ಮನ ಪರ-ವಿರೋಧ

ಪರ: ಅಕ್ಕ

ಇಲ್ಲಿ ಇಂಗ್ಲೆಂಡಲ್ಲಿ 7ರಿಂದ 11 ವರ್ಷದ ಮಕ್ಕಳ ಇತಿಹಾಸದ ಸಿಲಬಸ್‌ನಲ್ಲಿ ಜಗತ್ತಿನ ಮೊದಮೊದಲ ನಾಗರಿಕತೆಗಳು ಅಂತ ಒಂದು ಭಾಗ ಇದೆ, ಸುಮೇರ್, ಸಿಂಧೂ ಕಣಿವೆ, ಈಜಿಪ್ಟ್, ಚೀನಾದ ಶಾಂಗ್ ರಾಜವಂಶ, ಈ ನಾಲ್ಕರಲ್ಲಿ ಒಂದನ್ನ ಆರಿಸ್ಕೊಂಡು ಆಳವಾಗಿ ಮಾಡ್ಬೇಕು. ನನ್ನ ಮಗಳ ಕ್ಲಾಸಿಗೆ ಶಾಂಗ್ ಬಂತು. ಯುದ್ಧದ ವಿಷಯ ಶುರುವಾದ ತಕ್ಷಣ ಇದೆಲ್ಲ ಈ ವಯಸ್ಸಿಗೆ ಯಾಕೆ ಅಂತ ಕೆಲವು ಅಪ್ಪ-ಅಮ್ಮಂದಿರು ಮುಖ ಸಿಂಡರಿಸಿದ್ರು, ನನ್ನ ತಮ್ಮನೂ ಅದನ್ನೇ ಅಂದ. ಬೇಕೇ ಬೇಕು ಅಂತೀನಿ ನಾನು.

ಮೊದಲು ಫೂ ಹಾವ್ ವಿಷಯ ತಗೊಳ್ಳಿ. ಕ್ರಿ.ಪೂ. 1200ರ ಆಸುಪಾಸು ಶಾಂಗ್ ರಾಜ ವೂ ಡಿಂಗನ ರಾಣಿಯರಲ್ಲಿ ಒಬ್ಬಳು, ದಂಡು ನಡೆಸಿದೋಳು. ಆಗ ಶಾಂಗ್ ರಾಜಧಾನಿ ಆಗಿದ್ದ ಆನ್‌ಯಾಂಗ್‌ನಲ್ಲಿ 1976ರಲ್ಲಿ ಅವಳ ಗೋರಿ ಸಿಕ್ತು, ಕಳ್ಳರ ಕೈ ಬಿದ್ದಿರ್ಲಿಲ್ಲ, ಒಳಗೆ 130ಕ್ಕೂ ಹೆಚ್ಚು ಆಯುಧ, ಅದ್ರಲ್ಲಿ ಒಂದು ಕಂಚಿನ ಕೊಡಲಿ ಸುಮಾರು 9 ಕೆಜಿ. ನನ್ನ ಮಗಳು ಅಷ್ಟು ಅಂದ್ರೆ ಎಷ್ಟು ಅಂತ ಕೇಳಿ, ಅಡುಗೆಮನೆಗೆ ಹೋಗಿ 10 ಕೆಜಿ ಸೋನಾ ಮಸೂರಿ ಚೀಲನ ಎರಡೂ ಕೈಲಿ ತಬ್ಕೊಂಡು ಮಂಡಿ ತನಕ ಎತ್ತಿ ಕೆಳಗಿಟ್ಲು. ಆಮೇಲೆ ಸುಮ್ನೆ ನಿಂತಿದ್ಲು ಸ್ವಲ್ಪ ಹೊತ್ತು. ಆಗಿನ ಜನ ಆಮೆ ಚಿಪ್ಪು, ದನದ ಮೂಳೆ ಕಾಯಿಸಿ, ಬಿರುಕು ನೋಡಿ ಶಕುನ ಕೇಳಿ, ಅದ್ರ ಮೇಲೇ ಕೊರೆದು ಬರೀತಿದ್ರು. ಪಶ್ಚಿಮದ ಕಡೆ ಇದ್ದ ಚಿಯಾಂಗ್ ಅನ್ನೋ ಜನರ ಮೇಲೆ ದಂಡೆತ್ತಿ ಹೋಗಕ್ಕೆ ಫೂ ಹಾವ್‌ಳ 3,000, ಇನ್ನೂ 10,000 ಜನ ಸೇರಿಸ್ಬೇಕಾ ಅಂತ ಒಂದು ಕಡೆ ಇದೆ. ಇನ್ನೊಂದ್ರಲ್ಲಿ ಅವಳ ಹೆರಿಗೆ ಹೇಗಾಗುತ್ತೆ ಅಂತ ಕೇಳಿದಾರೆ, 31 ದಿನಕ್ಕೆ ಹೆರಿಗೆ ಆಯ್ತು, ಒಳ್ಳೇದಾಗ್ಲಿಲ್ಲ, ಹೆಣ್ಣು ಅಂತ ಬರೆದಿಟ್ಟಿದಾರೆ. ಸೈನ್ಯ ನಡೆಸೋಳಿಗೆ ಹೆಣ್ಣು ಹುಟ್ಟಿದ್ದು ಕೆಟ್ಟದ್ದಂತೆ! ನನ್ನ ಮಗಳಿಗೆ ಸಿಟ್ಟು ಬಂತು, ಆ ಸಿಟ್ಟು ಅವಳಿಗೆ ಬೇಕಿತ್ತು ಅಂತ ನನಗನ್ಸುತ್ತೆ.

ಯುದ್ಧ ಅಂದ್ರೆ ಬರೀ ಗೆದ್ದೋರ ಕಥೆ ಆಗುತ್ತೆ ಅನ್ನೋದೇ ಎಲ್ಲರ ಭಯ ತಾನೇ, ಆದ್ರೆ ಚೀನಾದೋರು ಸೋತೋರನ್ನೂ ಮರೀದೆ ಬರೆದಿದಾರೆ. ಕ್ರಿ.ಪೂ. 260ರಲ್ಲಿ ಚಾಂಗ್‌ಪಿಂಗ್ ಯುದ್ಧ, ಚಿನ್ ರಾಜ್ಯಕ್ಕೂ ಝಾವ್ ರಾಜ್ಯಕ್ಕೂ. ಝಾವ್ ರಾಜ ಅನುಭವ ಇದ್ದ ಲಿಯಾನ್ ಪೋ ಅನ್ನೋ ಸೇನಾಪತಿನ ತೆಗೆದು ಝಾವ್ ಕ್ವೋ ಅನ್ನೋ ಯುವಕನ್ನ ಹಾಕ್ದ, ಇವನು ಯುದ್ಧಶಾಸ್ತ್ರ ಬಾಯಿಪಾಠ ಮಾಡಿದ್ದೋನು, ವಾದದಲ್ಲಿ ಅಪ್ಪನೂ ಇವನನ್ನ ಗೆಲ್ಲಕ್ಕಾಗ್ತಿರ್ಲಿಲ್ಲ. ಸ್ವಂತ ತಾಯಿನೇ ರಾಜನ ಹತ್ರ ಹೋಗಿ ನನ್ನ ಮಗನ್ನ ಕಳಿಸ್ಬೇಡಿ ಅಂದ್ಲು. ಕೇಳ್ಲಿಲ್ಲ. ಮಗ ಸತ್ತ, ಶರಣಾದ ಸೈನ್ಯನ ಚಿನ್ ಸೇನಾಪತಿ ಬಾಯ್ ಚಿ ಕೊಲ್ಲಿಸಿದ, ಇತಿಹಾಸಕಾರ ಸೀಮಾ ಚಿಯೆನ್ ಕೊಡೋ ಲೆಕ್ಕ ನಾಲ್ಕು ಲಕ್ಷ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರ್ಬಹುದು, ಆ ತಾಯಿ ಮಾತು ಮಾತ್ರ ಮಕ್ಕಳಿಗೆ ಚೆನ್ನಾಗಿ ಅರ್ಥ ಆಗುತ್ತೆ.

ಇನ್ನೊಂದು, ನನ್ನ ಕಣ್ಣಲ್ಲಿ ನೀರು ಬಂದಿದ್ದು. ಹೂಬೆ ಪ್ರಾಂತ್ಯದ ಶುಯಿಹುಡಿಯಲ್ಲಿ 1975-76ರಲ್ಲಿ ಒಂದು ಗೋರಿಯಲ್ಲಿ ಎರಡು ಮರದ ಹಲಗೆ ಸಿಕ್ತು, ಹೇಫು, ಜಿಂಗ್ ಅನ್ನೋ ಇಬ್ಬರು ಸಾಮಾನ್ಯ ಸೈನಿಕರು ಮನೆಗೆ, ಅಣ್ಣನಿಗೆ ಬರೆದ ಕಾಗದ. ಅಮ್ಮ ಹೇಗಿದಾಳೆ? ಬೇಸಿಗೆ ಬಟ್ಟೆ ಬೇಕು, ಊರಲ್ಲಿ ಬಟ್ಟೆ ಅಗ್ಗ ಇದ್ರೆ ಅಮ್ಮ ಹೊಲಿದು ಕಳಿಸ್ಲಿ, ದುಬಾರಿ ಇದ್ರೆ ದುಡ್ಡಷ್ಟೇ ಕಳಿಸ್ಲಿ, ಇಲ್ಲೇ ತಗೋತೀವಿ. ಸಾಲ ಆಗಿದೆ, ದುಡ್ಡು ಬರ್ಲಿಲ್ಲ ಅಂದ್ರೆ ಸತ್ತೇ ಹೋಗ್ತೀನಿ, ಅರ್ಜೆಂಟ್ ಅರ್ಜೆಂಟ್ ಅರ್ಜೆಂಟ್, ಜಿಂಗ್ ಮೂರು ಸಲ ಹಾಗೇ ಬರೆದಿದಾನೆ. ಹಾಸ್ಟೆಲಿಂದ ಮಗ ಹಾಕೋ ಮೆಸೇಜ್ ಥರಾನೇ ಇದೆ ಅಲ್ವಾ, ಎರಡೂಕಾಲು ಸಾವಿರ ವರ್ಷ ಆಗಿದೆ ಅಷ್ಟೆ.

ಇದನ್ನೆಲ್ಲ ನಾವು ಹೇಳ್ಲಿಲ್ಲ ಅಂದ್ರೆ ಮಕ್ಕಳು ಯುದ್ಧ ಕಲಿಯಲ್ಲ ಅಂತಲ್ಲ, ವಿಡಿಯೋ ಗೇಮ್ ಕಲಿಸುತ್ತೆ, ಅದ್ರಲ್ಲಿ ಯಾರ ಅಮ್ಮನೂ ಬರಲ್ಲ.

ವಿರೋಧ: ತಮ್ಮ

ಅಕ್ಕ, ನೀನು ಮನೇಲಿ ಒಂದು ಮಗು ಜೊತೆ ಕೂತು ಹೇಳ್ತೀಯ, ನಾನು ಪ್ರೈಮರಿ ಕ್ಲಾಸಲ್ಲಿ ಅಸಿಸ್ಟೆಂಟ್, ನನ್ನ ಮುಂದೆ 30 ಮಕ್ಕಳಿರ್ತಾರೆ. ಅಲ್ಲಿ ಆಗೋದು ಏನು ಅಂದ್ರೆ ಶಾಂಗ್ ಕಾಲದ ಗ, ಅಂದ್ರೆ ಉದ್ದ ಕೋಲಿಗೆ ಅಡ್ಡವಾಗಿ ಕತ್ತಿ ಕಟ್ಟಿದ ಆಯುಧ, ಅದನ್ನ ರಟ್ಟಲ್ಲಿ ಮಾಡಿಸ್ತೀವಿ, ಅಲ್ಯೂಮಿನಿಯಂ ಫಾಯಿಲ್ ಸುತ್ತಿಸ್ತೀವಿ, ಮಧ್ಯಾಹ್ನ ಆಟಕ್ಕೆ ಬಿಟ್ಟಾಗ ಅದನ್ನ ಹಿಡ್ಕೊಂಡೇ ಓಡ್ತಾರೆ. ಹೋದ ಸಲ ಕ್ಲಾಸಲ್ಲಿ ಚೀನೀ ಮನೆತನದ ಹುಡುಗ ಒಬ್ಬನೇ ಇದ್ದ. ಎಲ್ಲರೂ ಸೇರಿ ಅವನನ್ನೇ ಎದುರು ಪಾರ್ಟಿ ಮಾಡಿದ್ರು, ಯಾರೂ ಹಾಗೆ ಮಾಡಿ ಅಂತ ಹೇಳ್ಕೊಟ್ಟಿರ್ಲಿಲ್ಲ. ಒಂದು ವಾರ ಅವನು ಆಟದ ಹೊತ್ತಲ್ಲಿ ನನ್ನ ಪಕ್ಕಾನೇ ನಿಂತಿರ್ತಿದ್ದ, ನಾನು ಏನಾಯ್ತೋ ಅಂದ್ರೆ ಏನಿಲ್ಲ ಅಂತಿದ್ದ.

ನೀನು ಹೇಳಿದ ಕಾಗದ ನನಗೂ ಇಷ್ಟ. ಆದ್ರೆ ಅದು ಶಾಂಗ್ ಕಾಲದ್ದಲ್ಲ, ಚಿನ್ ಕಾಲದ್ದು, ಫೂ ಹಾವ್‌ಗಿಂತ ಹತ್ತಿರ ಹತ್ತಿರ ಸಾವಿರ ವರ್ಷ ಆಮೇಲಿನ್ದು. ಚಾಂಗ್‌ಪಿಂಗೂ ಅಷ್ಟೇ. ಶಾಂಗ್ ಪಾಠದಲ್ಲಿ ಮಗನ್ನ ಕಳಿಸ್ಬೇಡಿ ಅನ್ನೋ ತಾಯಿ ಸಿಗಲ್ಲ, ಮೂಳೆ ಮೇಲಿರೋದೆಲ್ಲ ರಾಜನ ಕಡೆಯೋರು ಕೇಳಿದ ಶಕುನ, ಚಿಯಾಂಗ್ ಜನರ ಒಂದು ಮಾತೂ ಅದ್ರಲ್ಲಿಲ್ಲ. ಆ ಯುದ್ಧಗಳಲ್ಲಿ ಸೆರೆ ಸಿಕ್ಕೋರನ್ನ ಏನು ಮಾಡ್ತಿದ್ರು ಹೇಳು? ಪಿತೃಗಳಿಗೆ ಬಲಿ ಕೊಡ್ತಿದ್ರು. ಆನ್‌ಯಾಂಗ್‌ನ ರಾಜರ ಸಮಾಧಿಗಳ ಪಕ್ಕದಲ್ಲಿ ಸಾಲುಸಾಲು ಗುಂಡಿ, ತಲೆ ಒಂದ್ಕಡೆ, ಮುಂಡ ಒಂದ್ಕಡೆ. ಮಗಳಿಗೆ ಕೊಡಲಿ ತೂಕ ಹೇಳ್ದೆ, ಅದೇ ಗೋರಿಯಲ್ಲಿ ಫೂ ಹಾವ್ ಜೊತೆಗೆ 16 ಜನರನ್ನ ಕೊಂದು ಹೂತಿದ್ರು, ಅದನ್ನ ಹೇಳಿದ್ಯಾ? ಹೇಳಿರಲ್ಲ, ನಾನಾಗಿದ್ರೂ ಹೇಳ್ತಿರ್ಲಿಲ್ಲ. ಅಲ್ಲಿಗೆ ನಾವು ಕಲಿಸೋದು ಅರ್ಧ ಯುದ್ಧ, ಚೆನ್ನಾಗಿ ಕಾಣೋ ಅರ್ಧ, ಅದೇ ನನಗೆ ಹಿಂಸೆ. ಪೂರ್ತಿ ಹೇಳಿದ್ರೆ ಒಂಬತ್ತು ವರ್ಷದೋರು ರಾತ್ರಿ ನಿದ್ದೆ ಮಾಡಲ್ಲ, ಅರ್ಧ ಹೇಳಿದ್ರೆ ಫೂ ಹಾವ್ ಸೂಪರ್‌ಹೀರೋ ಆಗ್ತಾಳೆ.

ಟೈಮಾದ್ರೂ ಎಷ್ಟಿದೆ, ವಾರಕ್ಕೆ ಒಂದು ಪೀರಿಯಡ್. ಅದ್ರಲ್ಲಿ ಬೇರೆ ಎಷ್ಟೊಂದಿದೆ. ಆನ್‌ಯಾಂಗ್‌ನಲ್ಲಿ 1939ರಲ್ಲಿ ಸಿಕ್ಕ ನಾಲ್ಕು ಕಾಲಿನ ಕಂಚಿನ ಪಾತ್ರೆ 832 ಕೆಜಿ ಇದೆ, ಜೇಡಿಮಣ್ಣಿನ ಅಚ್ಚನ್ನ ತುಂಡುತುಂಡಾಗಿ ಮಾಡಿ ಜೋಡಿಸಿ ಕಾದ ಕಂಚು ಹುಯ್ದು ಮಾಡಿದ್ದು, ಇದನ್ನ ಮಕ್ಕಳು ಜೇಡಿಮಣ್ಣಲ್ಲೇ ಮಾಡಿ ನೋಡ್ಬಹುದು, ಮಾಡಿಸಿದೀನಿ, ಸ್ಕೂಲ್ ಬಿಡೋ ಬೆಲ್ ಹೊಡೆದ್ರೂ ಯಾರೂ ಏಳ್ಲಿಲ್ಲ. ರೇಷ್ಮೆ ಇದೆ. ಬರವಣಿಗೆ ಇದೆ, ಆ ಲಿಪಿ ಬೆಳೀತಾ ಬಂದು ಇವತ್ತೂ ಕೋಟಿಗಟ್ಟಲೆ ಜನ ಬರೀತಾರೆ. ಯುದ್ಧ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ, ಹದಿಮೂರು-ಹದಿನಾಲ್ಕಕ್ಕೆ ಬರ್ಲಿ, ಆಗ ಸೀಮಾ ಚಿಯೆನ್, ಬಲಿ ಗುಂಡಿ, ಎಲ್ಲ ಪೂರ್ತಿ ಬರ್ಲಿ.

ಬರವಣಿಗೆ ಅಂದೆ ಅಲ್ವಾ, ಅಲ್ಲೂ ಯುದ್ಧ ತಪ್ಪಲ್ಲ. ಮೂಳೆ ಮೇಲಿನ ಅಕ್ಷರ ನೋಡ್ಕೊಂಡು ಬರೀರಿ ಅಂತ ಒಂದು ವರ್ಕ್‌ಶೀಟ್ ಕೊಟ್ಟಿದ್ವಿ. ಮರ, ನೀರು, ಕುದುರೆ, ಜೊತೆಗೆ ದಾಳಿ ಮಾಡೋದು ಅನ್ನೋ ಅಕ್ಷರ. ಅದ್ರಲ್ಲಿ ಒಬ್ಬ ಮನುಷ್ಯ ನಿಂತಿರ್ತಾನೆ, ಆ ಗ ಆಯುಧ ಅವನ ಕತ್ತನ್ನ ಹಾದು ಹೋಗಿರುತ್ತೆ, ತಲೆ ಕಡಿಯೋದಕ್ಕೂ ಅದೇ ಅಕ್ಷರ. ಆ ಹುಡುಗ, ಅದೇ ನನ್ನ ಪಕ್ಕ ನಿಲ್ತಿದ್ದೋನು, ಈ ಕೋಲು ಯಾಕೆ ಕತ್ತಲ್ಲಿದೆ ಅಂತ ಕೇಳ್ದ. ನನಗೆ ತಕ್ಷಣ ಬಾಯಿ ಬರ್ಲಿಲ್ಲ. ಅವನು ನನ್ನ ಮುಖ ನೋಡಿ, ರಬ್ಬರ್ ತಗೊಂಡು ಆ ಗೆರೆ ಅಳಿಸಿ, ಸ್ವಲ್ಪ ಪಕ್ಕಕ್ಕೆ ಬರೆದ.