ಮಾಸ್ತರರಿಲ್ಲದ ಸಾಲಿಗೆ ಮಾರ್ಕ್ಸ್ ಎಲ್ಲಿಂದ ಬರಬೇಕು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತೆಂದರೆ ನಮ್ಮ ಕಲ್ಯಾಣ ಕರ್ನಾಟಕದವರನ್ನು ಆಡಿಕೊಳ್ಳುವವರಿಗೆ ಹಬ್ಬ. 2024ರಲ್ಲಿ ಯಾದಗಿರಿ ಕೊನೆ. 2025ರಲ್ಲಿ ನಮ್ಮ ಕಲಬುರಗಿ ಕೊನೆ, ಶೇ 42.43. ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91.12. "ನಿಮ್ಮ ಮಂದಿಗೆ ಓದು ಬೇಕಾಗಿಲ್ಲ ಬಿಡಿ" ಅನ್ನುತ್ತಾರೆ ಬೆಂಗಳೂರಿನ ಗೆಳೆಯರು.

ಬೇಕಾಗಿತ್ತು ಸ್ವಾಮಿ. ಸಿಕ್ಕಿದ್ದು ತಡವಾಗಿ.

ಬಾಸೆಲ್ ಮಿಷನ್ನಿನ ಕ್ರೈಸ್ತ ಪಾದ್ರಿಗಳು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಕನ್ನಡದಲ್ಲಿ ಕಲಿಸುವ ಶಾಲೆಗಳು ಅಲ್ಲಿ ಆಗಲೇ ಬೇರು ಬಿಟ್ಟವು. ನಾವು ಹೈದರಾಬಾದಿನ ನಿಜಾಮರ ಕೈಕೆಳಗಿದ್ದೆವು. ಸಾಲಿಗಳು ಇರಲೇ ಇಲ್ಲ ಅಂತಲ್ಲ. ತಹತಾನಿಯಾ, ವಸ್ತಾನಿಯಾ, ಫೋಕಾನಿಯಾ ಅಂತ ಪ್ರಾಥಮಿಕದಿಂದ ಹೈಸ್ಕೂಲಿನವರೆಗೆ ಮೂರು ಹಂತ ಇದ್ದವು. ಆದರೆ ಮೇಲಕ್ಕೆ ಹೋದಂತೆ ಎಲ್ಲವೂ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಆಡುವ ರೈತನ ಮಗ ಎಷ್ಟು ದೂರ ಹೋದಾನು? ಉರ್ದು ಮೇಲೆ ನನಗೇನೂ ಸಿಟ್ಟಿಲ್ಲ, ನಮ್ಮ ಅಜ್ಜ ಹೊಲದ ಲೆಕ್ಕ ಬರೆಯುತ್ತಿದ್ದುದೇ ಉರ್ದುವಿನಲ್ಲಿ. ಆದರೆ ಅಜ್ಜಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಕಲಬುರಗಿಯ ನೂತನ ವಿದ್ಯಾಲಯದಂಥದ್ದನ್ನು 1907ರಲ್ಲೇ ಕಟ್ಟಿದವರಿದ್ದರು, ನಿಜ. ಅದು ದೊಡ್ಡ ಊರಿನ ಮಾತು. ಚಿತ್ತಾಪುರ, ಸೇಡಂ, ಆಳಂದದ ಸುತ್ತಿನ ಹಳ್ಳಿಗಳ ಕಥೆ ಬೇರೆ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ, ನಾವು ಮೈಸೂರು ರಾಜ್ಯಕ್ಕೆ ಬಂದಿದ್ದು 1956ರ ನವೆಂಬರ್ 1ಕ್ಕೆ. ಗುಡಿ, ಮಠ, ಚಾವಡಿಗಳಲ್ಲಿ ಕನ್ನಡ ಸಾಲಿಗಳು ನಡೆದವು. ಧಾರವಾಡ, ವಿಜಾಪುರದ ಕಡೆಯಿಂದ ಮಾಸ್ತರರು ಬಂದರು ಅಂತ ಹಿರಿಯರು ಈಗಲೂ ನೆನೆಯುತ್ತಾರೆ. ಲೆಕ್ಕ ಹಾಕಿದರೆ ಎಷ್ಟೋ ಮನೆಗಳಲ್ಲಿ ಇದು ಸಾಲಿ ಕಂಡ ಎರಡನೇ ತಲೆಮಾರು, ಅಷ್ಟೇ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ.

ಸಾಲಿಗೆ ಮಕ್ಕಳನ್ನು ಎಳೆದು ತಂದಿದ್ದು ಭಾಷಣ ಅಲ್ಲ, ಊಟ. ಅಕ್ಷರ ದಾಸೋಹ 2002ರಲ್ಲಿ ಶುರುವಾಗಿದ್ದು ನಮ್ಮಂಥ ಹಿಂದುಳಿದ ಜಿಲ್ಲೆಗಳಲ್ಲೇ. ಬಿಸಿಯೂಟಕ್ಕೆ ಮೊಟ್ಟೆ ಕೊಟ್ಟಾಗಲೂ ಹಾಗೇ ಆಯಿತು. ಮೊಟ್ಟೆ ಬೇಡ ಅಂತ ಗಲಾಟೆ ಮಾಡಿದವರ ಮಕ್ಕಳು ಸರ್ಕಾರಿ ಸಾಲಿಯಲ್ಲಿ ಇದ್ದರಾ ಅಂತ ನನಗೆ ಇವತ್ತಿಗೂ ಅನುಮಾನ.

ಈಗಿನ ಕೊರತೆ ಕಟ್ಟಡದ್ದಲ್ಲ. ಶಹಾಬಾದ್ ಫರ್ಸಿ ಕಲ್ಲು ಹಾಸಿದ ಕೋಣೆಗಳಿವೆ, ಮಾಸ್ತರರಿಲ್ಲ. ಗಣಿತ, ಇಂಗ್ಲಿಷ್, ವಿಜ್ಞಾನ ಅತಿಥಿ ಶಿಕ್ಷಕರ ಪಾಲು. ಅವರು ಬರುವುದು ಸಾಲಿ ಶುರುವಾದ ಎಷ್ಟೋ ದಿನಕ್ಕೆ. ಅಷ್ಟರಲ್ಲಿ ಹತ್ತಿ ಬಿಡಿಸುವ ಸುಗ್ಗಿ ಬರುತ್ತದೆ, ಹಾಜರಿ ಇಳಿಯುತ್ತದೆ. ಒಂದಷ್ಟು ಮನೆಗಳು ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಮಾರ್ಚ್‌ನಲ್ಲಿ ಪರೀಕ್ಷೆ ಮಾತ್ರ ತಪ್ಪದೆ ಬರುತ್ತದೆ.

ನಮ್ಮ ಭಾಗಕ್ಕೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿ ಜಾರಿಯಾಗಿ ಹತ್ತು ವರ್ಷ ದಾಟಿದೆ. ಅದರ ಹೆಸರೆತ್ತಿದರೆ ಎಲ್ಲರಿಗೂ ಮೆಡಿಕಲ್ ಸೀಟು ನೆನಪಾಗುತ್ತದೆ. ಎಂಟನೇ ಕ್ಲಾಸಿಗೆ ಗಣಿತ ಹೇಳುವವರೇ ಇಲ್ಲದಿದ್ದರೆ ಆ ಸೀಟಿನ ತನಕ ಹೋಗುವವರು ಯಾರ ಮಕ್ಕಳು? ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆ ಒಳ್ಳೆಯದೇ, ಬರಲಿ. ಆದರೆ ಅದನ್ನು ತೋರಿಸಿ ತಾಂಡಾದ ಸಣ್ಣ ಸಾಲಿ ಮುಚ್ಚುವುದು ಬೇಡ. ಮೊದಲು ಖಾಲಿ ಹುದ್ದೆ ತುಂಬಿ, ಆಮೇಲೆ ರ‍್ಯಾಂಕಿಂಗ್ ಮಾಡಿ.

ನಿಮ್ಮ ಊರಿನ ಸರ್ಕಾರಿ ಹೈಸ್ಕೂಲಲ್ಲಿ ಗಣಿತದ ಕಾಯಂ ಮಾಸ್ತರರು ಇದ್ದಾರಾ? ಊರಿನ ಹೆಸರು ಸಮೇತ ಕೆಳಗೆ ಬರೆಯಿರಿ, ಶಾಸಕರಿಗೆ ಕೊಡೋಣ.